ಮುಸುರೆ ಮೆಷಿನ್ ಕೊಳ್ಳುವ ಮೊದಲು ಚಮಚ ನೋಡಿ

ಕೆಫೆಟೀರಿಯಾದ ಎಂಜಲು ತಟ್ಟೆಗಳಿಗೆ ಮೆಷಿನ್ ಹಾಕಿಸಬೇಕು ಅಂತ ಯಾರಾದರೂ ಕರೆದರೆ, ನಾನು ಜೇಬಿನಲ್ಲಿ ಒಂದು ಪುಟ್ಟ ಅಯಸ್ಕಾಂತ ಇಟ್ಟುಕೊಂಡು ಹೋಗುತ್ತೇನೆ. ಅಳತೆ ಟೇಪು ಆಮೇಲೆ. ಮೊದಲು ಅವರ ಚಮಚಕ್ಕೆ ಅದನ್ನು ಹಿಡಿದು ನೋಡುತ್ತೇನೆ.

ಈ ಅಭ್ಯಾಸ ಸುಮ್ನೆ ಬಂದದ್ದಲ್ಲ. ಒಮ್ಮೆ ನಾನೇ ನಿಂತು ಒಂದು ಲೈನ್ ಹಾಕಿಸಿದ್ದೆ. ಊಟ ಮುಗಿಸಿದವರು ಟ್ರೇಯನ್ನು ಬೆಲ್ಟ್ ಮೇಲೆ ಇಡುತ್ತಾರೆ. ಅದು ಗೋಡೆಯ ಕಿಂಡಿ ದಾಟಿ ಒಳಗೆ ಹೋಗುತ್ತದೆ. ಅಲ್ಲಿ ಮೇಲಿರುವ ಅಯಸ್ಕಾಂತ ಚಮಚ, ಫೋರ್ಕುಗಳನ್ನು ಎತ್ತಿ ನೆನೆಹಾಕುವ ತೊಟ್ಟಿಗೆ ಬಿಡಬೇಕು. ಆಮೇಲೆ ತಟ್ಟೆ ತೆಗೆದುಕೊಂಡು, ಟ್ರೇ ಮಗುಚಿ, ಉಳಿದದ್ದನ್ನು ಎಂಜಲು ಅರೆಯುವ ಯಂತ್ರಕ್ಕೆ ಕೊಡಬೇಕು. ಮೊದಲ ದಿನ ಅಯಸ್ಕಾಂತ ಒಂದೇ ಒಂದು ಚಮಚ ಎತ್ತಲಿಲ್ಲ. ಎಲ್ಲವೂ ಎಂಜಲಿನ ಜೊತೆಗೇ ಹೋಗಿ ಬಿದ್ದವು. ಆ ಕಟಕಟ ಸದ್ದು ನೆನೆದರೆ ಈಗಲೂ ಹಲ್ಲು ಜುಮ್ಮೆನ್ನುತ್ತದೆ.

ಚಮಚದಲ್ಲಿ ದೋಷವಿರಲಿಲ್ಲ. ಅದು 18/8 ಸ್ಟೀಲು. ಅಂದರೆ ಶೇಕಡಾ 18 ಕ್ರೋಮಿಯಂ, 8 ನಿಕ್ಕಲ್. ಇದಕ್ಕೆ ಅಯಸ್ಕಾಂತ ಹಿಡಿಯುವುದೇ ಇಲ್ಲ ಅನ್ನಬಹುದು. ನಿಕ್ಕಲ್ ಇಲ್ಲದ 18/0 ಸ್ಟೀಲಿಗಾದರೆ ಗಟ್ಟಿಯಾಗಿ ಕಚ್ಚುತ್ತದೆ. ಅದು ಅಗ್ಗವೂ ಹೌದು. ಆದರೆ ಬೇಗ ಕಲೆ ಬೀಳುತ್ತದೆ, ಉಪ್ಪು ಅಥವಾ ಬ್ಲೀಚ್ ಬೆರೆತ ನೀರಿನಲ್ಲಿ ರಾತ್ರಿಯಿಡೀ ನೆನೆಯಲು ಬಿಡಬಾರದು. ಒಳ್ಳೆಯದು ಅಂತ ಜಾಸ್ತಿ ದುಡ್ಡು ಕೊಟ್ಟು ತಂದ ಚಮಚವೇ ಇಲ್ಲಿ ಕೈಕೊಟ್ಟಿತ್ತು.

ಇನ್ನೊಂದು ತಲೆನೋವು ಜನ ಏಳುವ ಹೊತ್ತು. ಊಟಕ್ಕೆ ಒಬ್ಬೊಬ್ಬರಾಗಿ ಬಂದವರೂ ಏಳುವಾಗ ಒಟ್ಟಿಗೇ ಏಳುತ್ತಾರೆ. 15 ನಿಮಿಷದಲ್ಲಿ 300 ಜನ ಎದ್ದರೆ ನಿಮಿಷಕ್ಕೆ 20 ಟ್ರೇ. ಒಳಗಿನವರು ನಿಮಿಷಕ್ಕೆ 10 ಖಾಲಿ ಮಾಡಿದರೂ ಕೊನೆಗೆ 150 ಟ್ರೇ ಬಾಕಿ. ಅವನ್ನು ಎಲ್ಲಿಡುತ್ತೀರಿ? ಇದಕ್ಕೆ ದೊಡ್ಡ ತೊಳೆಯುವ ಮೆಷಿನ್ ಕೊಳ್ಳುವವರನ್ನು ಕಂಡಿದ್ದೇನೆ. ಉಳಿದ ಹೊತ್ತೆಲ್ಲ ಅದು ಅರ್ಧ ಖಾಲಿ ಓಡುತ್ತಿರುತ್ತದೆ. ಅದರ ಬದಲು ಮೇಲಕ್ಕೆ ಹಲವು ಅಂತಸ್ತಿರುವ, ಸುತ್ತುತ್ತಲೇ ಇರುವ ಟ್ರೇ ಕಪಾಟು ಹಾಕಿಸಿ. ನೂಕುನುಗ್ಗಲನ್ನು ಅದು ಹೊಟ್ಟೆಯಲ್ಲಿಟ್ಟುಕೊಂಡು, ನಿಧಾನವಾಗಿ ಒಳಗೆ ಕೊಡುತ್ತದೆ.

ತೊಳೆಯುವ ಕೆಲಸದಲ್ಲಿ ಅಷ್ಟು ಗೊಂದಲವಿಲ್ಲ. ಬಿಸಿನೀರಿನ ಮೆಷಿನ್‌ನಲ್ಲಿ ಕೊನೆಯ ನೀರು ಸುಮಾರು 82 ಡಿಗ್ರಿ ಸೆಲ್ಸಿಯಸ್, ತಟ್ಟೆಯ ಮೈ 71 ಮುಟ್ಟಬೇಕು. ಪಿಂಗಾಣಿ ಆ ಬಿಸಿಗೆ ತಾನೇ ಒಣಗುತ್ತದೆ. ಪ್ಲಾಸ್ಟಿಕ್ ಟ್ರೇ ಬಿಸಿ ಹಿಡಿದಿಟ್ಟುಕೊಳ್ಳುವುದಿಲ್ಲ, ಹಸಿಯಾಗಿಯೇ ಹೊರಬರುತ್ತದೆ. ಹಾಗೇ ಒಂದರ ಮೇಲೊಂದು ಪೇರಿಸಿದರೆ ಅಂಟಿಕೊಂಡು ಮುಗ್ಗಲು ವಾಸನೆ. ಗಾಳಿ ಊದಿ ಒಣಗಿಸುವ ಬ್ಲೋವರ್ ಬೇಡ ಅಂತ ಉಳಿತಾಯ ಮಾಡಬೇಡಿ.

ಮೆಷಿನ್ ಬಂದರೆ ಆಳೇ ಬೇಡ ಅಂತ ಮಾರುವವರು ಹೇಳುತ್ತಾರೆ ಅಲ್ವಾ? ಬೆಲ್ಟಿನ ತುದಿಯಲ್ಲಿ ಬೆಳಕಿನ ಸೆನ್ಸರ್ ಇರುತ್ತದೆ, ನಮ್ಮವರು ಅದನ್ನು ಕಣ್ಣು ಅಂತಾರೆ. ಅದರ ಮೇಲೆ ಒಂದು ಒದ್ದೆ ಟಿಶ್ಯೂ ಅಂಟಿದರೆ ಸಾಕು, ಟ್ರೇ ಅಡ್ಡ ನಿಂತಿದೆ ಅಂದುಕೊಂಡು ಇಡೀ ಲೈನ್ ನಿಲ್ಲುತ್ತದೆ. ಹೊರಗೆ ಟ್ರೇ ಹಿಡಿದವರ ಸಾಲು ಬೆಳೆಯುತ್ತದೆ. ಹಾಗಾಗಿ ಒಳಗೆ ಒದ್ದೆ ಬಟ್ಟೆ ಹಿಡಿದ ಒಬ್ಬರು ಇರಲೇಬೇಕು. ಹೊರಗೆ ಬಳಸಿದ ಟಿಶ್ಯೂ ಹಾಕುವ ಬುಟ್ಟಿಯನ್ನು ಬೆಲ್ಟಿನ ಪಕ್ಕ ಇಡಬೇಡಿ, ಎರಡು ಹೆಜ್ಜೆ ಮುಂಚೆಯೇ ಇಡಿ. ಟ್ರೇ ಕೈಬಿಟ್ಟ ಮೇಲೆ ಯಾರೂ ಹಿಂದಿರುಗಿ ನೋಡುವುದಿಲ್ಲ.