ಎತ್ತರವನ್ನು ಕೇಳದ ಕರ್ಣ

ಸೋಮಯಾಗದ ಮಹಾವೇದಿಗೆ, ಅಂದರೆ ಯಜ್ಞಕ್ಕಾಗಿ ಅಳೆದು ಗುರುತಿಸುವ ದೊಡ್ಡ ನೆಲಕ್ಕೆ, ಆಪಸ್ತಂಬ ಶುಲ್ಬಸೂತ್ರ ಎಂಬ ಪ್ರಾಚೀನ ಗ್ರಂಥ ಹೇಳುವ ಅಳತೆ ಹೀಗಿದೆ: ಪಶ್ಚಿಮದ ಅಂಚು 30 ಹೆಜ್ಜೆ, ಪೂರ್ವದ್ದು 24, ಎರಡರ ನಡುವಿನ ದೂರ 36. ಎರಡು ಅಂಚುಗಳು ಸಮಾಂತರ, ಉಳಿದೆರಡು ಓರೆ ಬಾಹುಗಳು ಸಮ; ಶಾಲೆಯ ಪುಸ್ತಕದಲ್ಲಿ ಇದರ ಹೆಸರು ಸಮದ್ವಿಬಾಹು ತ್ರಾಪಿಜ್ಯ. ಶುಲ್ಬ ಎಂದರೆ ಹಗ್ಗ; ಹಗ್ಗ ಹಿಡಿದು, ಗೂಟ ನೆಟ್ಟು ನೆಲದ ಮೇಲೆ ಬೆಳೆದ ರೇಖಾಗಣಿತವಿದು.

ಈ ವೇದಿಯಲ್ಲಿ ಮೂಲೆಯಿಂದ ಎದುರು ಮೂಲೆಗೆ ಹಗ್ಗ ಎಳೆದರೆ ಎಷ್ಟು ಉದ್ದ ಬೇಕು?

ಪೂರ್ವದ ಒಂದು ಮೂಲೆಯಿಂದ ಪಶ್ಚಿಮದ ಅಂಚಿಗೆ ಲಂಬ ಇಳಿಸಿ. ಎರಡೂ ಪಕ್ಕಗಳು ಸಮನಾಗಿ ವಾಲಿರುವುದರಿಂದ 30 ಮತ್ತು 24ರ ವ್ಯತ್ಯಾಸವಾದ 6, ಎರಡು ಬದಿಗೂ ಮೂರು ಮೂರಾಗಿ ಹಂಚಿಹೋಗುತ್ತದೆ. ಹಾಗಾಗಿ ಲಂಬವು 30 ಹೆಜ್ಜೆಯ ಅಂಚನ್ನು 3 ಮತ್ತು 27 ಎಂದು ಒಡೆಯುತ್ತದೆ. ಲಂಬದ ಎರಡು ಪಕ್ಕಕ್ಕೂ ಒಂದೊಂದು ಲಂಬಕೋನ ತ್ರಿಭುಜ. ಚಿಕ್ಕದರ ವಿಕರ್ಣವೇ ವೇದಿಯ ಓರೆ ಬಾಹು, ದೊಡ್ಡದರ ವಿಕರ್ಣವೇ ನಾವು ಹುಡುಕುತ್ತಿರುವ ಕರ್ಣ. ಪೈಥಾಗೊರಸ್ ಪ್ರಮೇಯವನ್ನು ಎರಡಕ್ಕೂ ಹಚ್ಚಿ, ಒಂದರಿಂದ ಇನ್ನೊಂದನ್ನು ಕಳೆಯಿರಿ. ಎರಡರಲ್ಲೂ ಇದ್ದ 36ರ ವರ್ಗ ಅಳಿಸಿಹೋಗುತ್ತದೆ! ಉಳಿಯುವುದು 27ರ ವರ್ಗದಿಂದ 3ರ ವರ್ಗ ಕಳೆದ 720. ಅದು 30 × 24.

ಇದು ಈ ವೇದಿಗಷ್ಟೇ ಒದಗಿದ ಆಕಸ್ಮಿಕವಲ್ಲ. 27 ಎಂಬುದು ಎರಡು ಅಂಚುಗಳ ಮೊತ್ತದ ಅರ್ಧ, 3 ಎಂಬುದು ವ್ಯತ್ಯಾಸದ ಅರ್ಧ. ಯಾವ ಎರಡು ಸಂಖ್ಯೆಗಳನ್ನೇ ತೆಗೆದುಕೊಳ್ಳಿ, ಅರ್ಧಮೊತ್ತದ ವರ್ಗದಿಂದ ಅರ್ಧವ್ಯತ್ಯಾಸದ ವರ್ಗ ಕಳೆದರೆ ಅವುಗಳ ಗುಣಲಬ್ಧವೇ ಸಿಗುತ್ತದೆ. ಆದ್ದರಿಂದ ಎಲ್ಲ ಸಮದ್ವಿಬಾಹು ತ್ರಾಪಿಜ್ಯಗಳಲ್ಲೂ ಕರ್ಣದ ವರ್ಗವು ಓರೆ ಬಾಹುವಿನ ವರ್ಗಕ್ಕೆ ಸಮಾಂತರ ಬಾಹುಗಳ ಗುಣಲಬ್ಧವನ್ನು ಕೂಡಿಸಿದಷ್ಟು. ಎತ್ತರದ ಸುಳಿವೇ ಇಲ್ಲ. ಈ ಸಾಧನೆಯಲ್ಲಿ ನನ್ನನ್ನು ಪ್ರತಿ ಸಲ ತಡೆದು ನಿಲ್ಲಿಸುವುದು ಇದೇ: ಲಂಬವಿಲ್ಲದೆ ಹೆಜ್ಜೆ ಇಡಲಾಗದು, ಆದರೆ ಉತ್ತರದಲ್ಲಿ ಅದರ ಗುರುತೂ ಉಳಿಯುವುದಿಲ್ಲ.

ಕ್ರಿ.ಶ. 628ರ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಬ್ರಹ್ಮಗುಪ್ತ ಇದನ್ನು ಒಂದೇ ಉಸಿರಿನಲ್ಲಿ ಹೇಳುತ್ತಾನೆ: ಭುಜ ಮತ್ತು ಪ್ರತಿಭುಜಗಳ, ಅಂದರೆ ಎದುರುಬದುರಿನ ಬಾಹುಗಳ, ಗುಣಲಬ್ಧಗಳನ್ನು ಕೂಡಿ ವರ್ಗಮೂಲ ತೆಗೆದರೆ ಕರ್ಣ. ಎದುರುಬದುರಿನ ಓರೆ ಬಾಹುಗಳು ಸಮನಾಗಿರುವುದರಿಂದ ಅವುಗಳ ಗುಣಲಬ್ಧ ವರ್ಗವೇ ಆಗುತ್ತದೆ. ಸಮಾಂತರ ಬಾಹುಗಳೂ ಸಮವಾದರೆ ಆಕೃತಿ ಆಯತ, ಸೂತ್ರ ಮರಳಿ ಪೈಥಾಗೊರಸ್ ಪ್ರಮೇಯ.

ಮಹಾವೇದಿಗೆ ಮರಳೋಣ. ಓರೆ ಬಾಹುವಿನ ವರ್ಗ 1296 + 9, ಅಂದರೆ 1305. ಅದರ ವರ್ಗಮೂಲ ಪೂರ್ಣಾಂಕವಲ್ಲ. ಅದಕ್ಕೆ 720 ಕೂಡಿಸಿದರೆ 2025. ಹಗ್ಗ ಸರಿಯಾಗಿ 45 ಹೆಜ್ಜೆ.