'ಲವ್ಲಿ ಕಾಂಪ್ಲೆಕ್ಸ್': ಸಿನಿಮಾ ನೋಡಿದ್ರೆ ಸಾಕಾ, ಮಾಂಗಾ ಓದಲೇಬೇಕಾ?

ಪ್ರಶ್ನೆ: 'ಲವ್ಲಿ ಕಾಂಪ್ಲೆಕ್ಸ್' ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್, 17 ಸಂಪುಟ ಇದೆ. ಅಷ್ಟೊಂದು ಓದೋಕೆ ಟೈಮಿಲ್ಲ. ಸಿನಿಮಾ ಒಂದೇ ನೋಡಿದರೆ ಕಥೆ ಸಿಗುತ್ತಾ?

ಕಥೆ ಸಿಗುತ್ತದೆ. ಆದರೆ ನಗು ಅರ್ಧ ಮಾತ್ರ ಸಿಗುತ್ತದೆ. ನನ್ನನ್ನು ಕೇಳಿದರೆ ಮೊದಲ ನಾಲ್ಕೈದು ಸಂಪುಟವನ್ನಾದರೂ ಓದಿ, ಆಮೇಲೆ ಸಿನಿಮಾ ನೋಡಿ.

ಲೇಖಕಿ ಆಯಾ ನಾಕಾಹಾರಾ ಈ ಮಾಂಗಾವನ್ನು 2001ರಲ್ಲಿ 'ಬೆಸ್ಸಾತ್ಸು ಮಾರ್ಗರೆಟ್' ಎಂಬ ಹುಡುಗಿಯರ ಪತ್ರಿಕೆಯಲ್ಲಿ ಶುರು ಮಾಡಿದರು. ಕಥೆ ನಡೆಯುವುದು ಜಪಾನಿನ ಒಸಾಕಾದ ಒಂದು ಹೈಸ್ಕೂಲಿನಲ್ಲಿ. ರಿಸಾ ಕೊಯಿಝುಮಿ 170 ಸೆಂಟಿಮೀಟರ್ ಎತ್ತರದ ಹುಡುಗಿ. ಅತ್ಸುಶಿ ಓತಾನಿ 156. ಅರ್ಧ ಅಡಿಯಷ್ಟು ವ್ಯತ್ಯಾಸ, ಅದೂ ಉಲ್ಟಾ. ಇಬ್ಬರೂ ಮುಖ ಕಂಡ ಕೂಡಲೇ ಜಗಳಕ್ಕೆ ನಿಲ್ಲುತ್ತಾರೆ. ಕ್ಲಾಸಿನಲ್ಲಿ ಅವರಿಗೆ 'ಆಲ್ ಹನ್ಶಿನ್ ಕ್ಯೋಜಿನ್' ಅಂತ ಅಡ್ಡಹೆಸರು. ಅದು ಒಸಾಕಾದ ನಿಜವಾದ ಹಾಸ್ಯ ಜೋಡಿ, ಒಬ್ಬರು ಗಿಡ್ಡ, ಇನ್ನೊಬ್ಬರು ಉದ್ದ. ಕ್ಯೋಜಿನ್ ಅಂದರೆ ದೈತ್ಯ. ಹದಿಹರೆಯದ ಹುಡುಗಿಯನ್ನು ದಿನಾ ಹಾಗೆ ಕರೆದರೆ ಹೇಗಾಗಬೇಡ ಹೇಳಿ!

ಇಲ್ಲಿನ ಹಾಸ್ಯ ಇರುವುದೇ ಮಾತಿನಲ್ಲಿ. ಒಸಾಕಾದ ಜೋಡಿ ಹಾಸ್ಯದಲ್ಲಿ ಒಬ್ಬ ಪೆದ್ದುಪೆದ್ದಾಗಿ ಏನೋ ಹೇಳುತ್ತಾನೆ, ಇನ್ನೊಬ್ಬ ತಕ್ಷಣ 'ನಂದೆಯಾನೆನ್!' ಅಂತ ತಲೆಗೊಂದು ಮೊಟಕುತ್ತಾನೆ. 'ಏನೋ ಇದು, ಯಾಕೋ!' ಅನ್ನೋ ಥರದ ಮಾತು. ರಿಸಾ, ಓತಾನಿ ಪ್ರೀತಿ ಮಾಡುವುದೂ ಇದೇ ಧಾಟಿಯಲ್ಲಿ. ಇಂಗ್ಲಿಷ್ ಅನುವಾದದಲ್ಲಿ ಈ ಒಸಾಕಾ ಮಾತಿನ ಸೊಗಡು ಸ್ವಲ್ಪ ಹೋಗುತ್ತದೆ. ಧಾರವಾಡದ ಮಾತನ್ನು ಬೆಂಗಳೂರಿನ ಕನ್ನಡಕ್ಕೆ ತಂದರೆ ಆಗುವ ಹಾಗೆ.

ಸಿನಿಮಾ ಗೆಲ್ಲುವುದು ಇಲ್ಲೇ. 2006ರ ಜುಲೈನಲ್ಲಿ ಬಂತು, ನಿರ್ದೇಶಕರು ಕಿತಾಜಿ ಇಶಿಕಾವಾ. ರಿಸಾ ಆಗಿ ಎಮಾ ಫುಜಿಸಾವಾ, ಓತಾನಿ ಆಗಿ ತೆಪ್ಪೇ ಕೊಯಿಕೆ. ಕೊಯಿಕೆ ಒಸಾಕಾ ಕಡೆಯವರೇ, ಹಾಗಾಗಿ ಆ ಮಾತು ಅವರ ಬಾಯಲ್ಲಿ ಸಲೀಸು. ಪುಟದ ಮೇಲೆ ಓದಿದ್ದ ಜಗಳ ಕಿವಿಗೆ ಬಿದ್ದಾಗ ಸಿಗುವ ಖುಷಿಯೇ ಬೇರೆ.

ಸೋಲುವುದು ಸಮಯದ ವಿಷಯದಲ್ಲಿ. ಮಾಂಗಾದಲ್ಲಿ ಮೊದಲು ಇಬ್ಬರಿಗೂ ಬೇರೆಯವರ ಮೇಲೆ ಮನಸ್ಸು. ರಿಸಾಗೆ ಸುಝುಕಿ ಎಂಬ ಹುಡುಗ ಇಷ್ಟ, ಓತಾನಿಗೆ ರಿಸಾಳ ಗೆಳತಿ ಚಿಹಾರು. ಒಬ್ಬರಿಗೊಬ್ಬರು ಸಹಾಯ ಮಾಡೋಣ ಅಂತ ಒಪ್ಪಂದವೂ ಆಗುತ್ತದೆ. ಕೊನೆಗೆ ನೋಡಿದರೆ ಸುಝುಕಿ, ಚಿಹಾರು ಅವರೇ ಜೋಡಿಯಾಗಿಬಿಡುತ್ತಾರೆ! ಆಮೇಲೆ ರಿಸಾಗೆ ತನ್ನ ಮನಸ್ಸು ನಿಧಾನಕ್ಕೆ ಗೊತ್ತಾಗುತ್ತದೆ. ಧೈರ್ಯ ಮಾಡಿ ಹೇಳುತ್ತಾಳೆ. ಓತಾನಿ ತಮಾಷೆ ಅಂದುಕೊಳ್ಳುತ್ತಾನೆ. ಅರ್ಥವಾದ ಮೇಲೂ ಆಗಲ್ಲ ಅಂತಾನೆ. ಅವಳು ಅಳುತ್ತಾಳೆ, ಆದರೂ ಬಿಡುವುದಿಲ್ಲ. ಓದುವ ನಮಗೆ ಅವನನ್ನು ಹಿಡಿದು ಅಲುಗಾಡಿಸಬೇಕು ಅನ್ನಿಸುತ್ತದೆ. ಈ ಕಾಯುವಿಕೆಗೆ ಸಂಪುಟಗಳೇ ಬೇಕು. ಸಿನಿಮಾಗೆ ಇರುವುದು ಹೆಚ್ಚುಕಮ್ಮಿ ನೂರು ನಿಮಿಷ. ಎಲ್ಲವನ್ನೂ ಓಡಿಸಲೇಬೇಕು.

ಇನ್ನೊಂದು ಮಾತು. ಮಾಂಗಾದಲ್ಲಿ ಎತ್ತರವನ್ನು ಗೆರೆಯಲ್ಲೇ ಆಟ ಆಡಿಸಬಹುದು. ಸಿಟ್ಟು ಬಂದಾಗ ಇಬ್ಬರೂ ಗುಂಡುಗುಂಡು ಪುಟಾಣಿ ಗೊಂಬೆಗಳಾಗುತ್ತಾರೆ, ಮರುಕ್ಷಣ ಮುಖ ಗಂಭೀರ. ನಟರು ಇದನ್ನು ಮುಖದಲ್ಲೇ ಮಾಡಬೇಕು. ಫುಜಿಸಾವಾ ಚೆನ್ನಾಗಿಯೇ ಮಾಡಿದ್ದಾರೆ, ಆದರೂ ಆ ಗೆರೆಯ ಚುರುಕು ಬೇರೆ.

ಮಾಂಗಾ ಇಂಗ್ಲಿಷ್‌ನಲ್ಲಿ ವಿಝ್ ಪ್ರಕಾಶನದಿಂದ ಬಂದಿದೆ. ಬಲದಿಂದ ಎಡಕ್ಕೆ ಓದಬೇಕು, ಹತ್ತು ಪುಟದಲ್ಲಿ ಅಭ್ಯಾಸ ಆಗುತ್ತದೆ. ಸಿನಿಮಾ ಮಾತ್ರ ಜಪಾನಿ ಧ್ವನಿಯಲ್ಲೇ, ಸಬ್‌ಟೈಟಲ್ ಹಾಕಿಕೊಂಡು ನೋಡಿ.