ಮಳೆಗಾಳಿ ಕುಡಿದ ಕಾಫಿ

ಮಳೆಗಾಲ ಮುಗಿಯುತ್ತಿದ್ದಂತೆ, ಕಾಫಿಯ ಹೊಟ್ಟು ಬಿಡಿಸಿ ವಿಂಗಡಿಸುವ ನಮ್ಮ ಕ್ಯೂರಿಂಗ್ ವರ್ಕ್ಸ್‌ಗೆ ಸ್ಯಾಂಪಲ್ ಹಿಡಿದು ಬರುವ ಬೆಳೆಗಾರರಲ್ಲಿ ಒಬ್ಬರಾದರೂ ಈ ಪ್ರಶ್ನೆ ಕೇಳುತ್ತಾರೆ: ‘ಗೋದಾಮಿನಲ್ಲಿ ಉಳಿದ ಕಾಫಿ ಬಿಳಿಚಿಕೊಂಡಿದೆ ಸರ್, ಇದನ್ನು ಮಾನ್ಸೂನ್ಡ್ ಎಂದು ಮಾರಬಹುದಲ್ಲವೇ?’ ಖಂಡಿತ ಇಲ್ಲ. ತೇವ ತಗುಲಿ ಬಣ್ಣಗೆಟ್ಟ ಬೀಜವನ್ನು ನಾವು ಬ್ಲೀಚ್ಡ್ ಎಂದು ಬರೆದುಕೊಂಡು ಬೆಲೆ ಇಳಿಸುತ್ತೇವೆ. ಆದರೆ ಅವರ ಗೊಂದಲ ಅಸಹಜವಲ್ಲ. ಕರಾವಳಿಯ ಮಳೆಗಾಳಿಗೆ ಒಡ್ಡಿ ತಯಾರಿಸುವ ಮಾನ್ಸೂನ್ಡ್ ಮಲಬಾರ್ ಕೂಡ ತೇವ ಹಿಡಿದ ಕಾಫಿಯೇ. ಬೇರೆಲ್ಲ ಕಾಫಿಯಲ್ಲಿ ದೋಷ ಎನಿಸುವುದನ್ನು ಇಲ್ಲಿ ಬೇಕೆಂದೇ, ಅಳತೆಯಲ್ಲಿ ಬರಿಸಲಾಗುತ್ತದೆ.

ಇದು ಹುಟ್ಟಿದ್ದು ಹಡಗಿನಲ್ಲಿ. ಹಾಯಿಹಡಗುಗಳ ಕಾಲದಲ್ಲಿ ಪಶ್ಚಿಮ ಕರಾವಳಿಯಿಂದ ಹೊರಟ ಕಾಫಿ ಆಫ್ರಿಕಾದ ಗುಡ್ ಹೋಪ್ ಭೂಶಿರವನ್ನು ಸುತ್ತಿ ಯುರೋಪ್ ಮುಟ್ಟಲು ಸುಮಾರು ಆರು ತಿಂಗಳು ಹಿಡಿಯುತ್ತಿತ್ತು. ಮರದ ಹಡಗಿನ ಒಡಲಲ್ಲಿ ಸಮುದ್ರದ ಆರ್ದ್ರತೆ ಹೀರಿಕೊಂಡ ಹಸಿರು ಬೀಜ ಉಬ್ಬಿ, ಮಾಸಲು ಹೊಂಬಣ್ಣಕ್ಕೆ ತಿರುಗಿ ಬಂದರು ತಲುಪುತ್ತಿತ್ತು. ಅಲ್ಲಿನವರಿಗೆ ಭಾರತದ ಕಾಫಿ ಎಂದರೆ ಅದೇ. ಉಗಿಹಡಗು ಬಂತು, 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಪಯಣ ವಾರಗಳಿಗೆ ಇಳಿಯಿತು. ಕಾಫಿ ಹಸಿರಾಗಿಯೇ ತಲುಪತೊಡಗಿದಾಗ ಖರೀದಿದಾರರು, ಅದರಲ್ಲೂ ಸ್ಕ್ಯಾಂಡಿನೇವಿಯದವರು, ಹಳೆಯ ರುಚಿ ಎಲ್ಲಿ ಎಂದು ತಕರಾರು ತೆಗೆದರೆಂಬುದು ನಮ್ಮ ವ್ಯಾಪಾರದಲ್ಲಿ ತಲೆಮಾರಿನಿಂದ ಹೇಳಿಕೊಂಡು ಬಂದ ಮಾತು. ಹಡಗು ಮಾಡುತ್ತಿದ್ದ ಕೆಲಸವನ್ನು ಕರಾವಳಿಯ ಗೋದಾಮುಗಳಿಗೆ ವಹಿಸಿದ್ದು ಆಮೇಲೆ.

ಕೆಲಸ ಜೂನ್‌ನಲ್ಲಿ ನೈಋತ್ಯ ಮಾರುತ ಕಾಲಿಟ್ಟೊಡನೆ ಶುರುವಾಗುತ್ತದೆ. ಆಯ್ಕೆಯಾಗುವುದು ಹಣ್ಣಿನ ತಿರುಳು ತೆಗೆದು, ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಅಲ್ಲ, ಚೆರ್ರಿ; ಅಂದರೆ ಹಣ್ಣನ್ನು ಸಿಪ್ಪೆಸಮೇತ ಕಣದಲ್ಲಿ ಒಣಗಿಸಿ, ಹೊಟ್ಟು ಬಿಡಿಸಿ, ದಪ್ಪ ಬೀಜವನ್ನು ಬೇರ್ಪಡಿಸಿದ ಅರೇಬಿಕಾ. ರೊಬಸ್ಟಾಕ್ಕೂ ಈ ಉಪಚಾರ ಉಂಟು. ಪಕ್ಕಗಳು ತೆರೆದಿರುವ ಗೋದಾಮಿನ ನೆಲದ ಮೇಲೆ ಬೀಜವನ್ನು ನಾಲ್ಕರಿಂದ ಆರು ಅಂಗುಲ ದಪ್ಪಕ್ಕೆ ಹರಡಿ, ಮೇಲಿನದು ಕೆಳಕ್ಕೆ ಕೆಳಗಿನದು ಮೇಲಕ್ಕೆ ಬರುವಂತೆ ದಿನವೂ ಎಳೆದಾಡುತ್ತಾರೆ. ಕೆಲವು ದಿನಗಳಲ್ಲಿ ಬೀಜ ಮೆತ್ತಗಾಗಿ ಊದತೊಡಗುತ್ತದೆ. ಆಗ ಗೋಣಿಚೀಲಗಳಿಗೆ ಸಡಿಲವಾಗಿ ತುಂಬಿ, ಸಾಲುಗಳ ನಡುವೆ ಗಾಳಿ ಆಡುವಷ್ಟು ಜಾಗ ಬಿಟ್ಟು ಪೇರಿಸುತ್ತಾರೆ. ಮಳೆಯ ಹನಿ ತಾಗಬಾರದು, ಮಳೆಯ ಗಾಳಿ ಮಾತ್ರ ತಾಗಬೇಕು. ಚೀಲದ ನಡುವಿನ ಬೀಜ ಬೆಚ್ಚಗಾಗಿ ಬೂಷ್ಟು ಹಿಡಿಯುವ ಮೊದಲು ಎಲ್ಲವನ್ನೂ ಸುರಿದು, ಕಲಸಿ, ಮತ್ತೆ ತುಂಬಬೇಕು. ಹೀಗೆ ಹನ್ನೆರಡರಿಂದ ಹದಿನಾರು ವಾರ. ತಂತ್ರಜ್ಞಾನ ಎನ್ನುವಂಥದ್ದು ಇದರಲ್ಲಿ ಕಡಿಮೆ. ಚೀಲದೊಳಗೆ ಕೈ ಇಳಿಸಿ ಶಾಖ ನೋಡಬಲ್ಲ ಮೇಸ್ತ್ರಿಯೇ ಇಲ್ಲಿ ಮುಖ್ಯ. ಜುಲೈನಲ್ಲಿ ಮಳೆ ಕೈಕೊಟ್ಟು ಒಣಗಾಳಿ ಬೀಸಿದರೆ ಅವನೂ ಕಾಯಬೇಕಾದ್ದೇ.

ಸೆಪ್ಟೆಂಬರ್ ಹೊತ್ತಿಗೆ ಸಿದ್ಧವಾದ ಬೀಜವನ್ನು ಅಂಗೈಯಲ್ಲಿ ಹಾಕಿಕೊಂಡರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ: ಗಾತ್ರದಲ್ಲಿ ದೊಡ್ಡದು, ತೂಕದಲ್ಲಿ ಹಗುರ ಎನಿಸುವಂಥದ್ದು, ಹುಲ್ಲಿನ ವಾಸನೆ ಮಾಯ. ಸಾಮಾನ್ಯ ಕಾಫಿಯಲ್ಲಿ ಶೇ 11ರ ಆಸುಪಾಸಿನಲ್ಲಿರುವ ತೇವಾಂಶ ಇದರಲ್ಲಿ ಶೇ 13 ದಾಟುತ್ತದೆ. ಸರಿಯಾಗಿ ಊದದೆ ಹಸಿರಾಗಿಯೇ ಉಳಿದ ಕಾಳುಗಳನ್ನು ಗಾರ್ಬ್ಲಿಂಗ್ ಮಾಡುವ ಹೆಂಗಸರು ಒಂದೊಂದಾಗಿ ಆರಿಸಿ ತೆಗೆಯುತ್ತಾರೆ. ಬೆಳೆಗಾರರು ತಂದ ಬ್ಲೀಚ್ಡ್ ಸ್ಯಾಂಪಲ್ ಪಕ್ಕದಲ್ಲಿಟ್ಟರೆ ಹೆಚ್ಚು ವಿವರಿಸಬೇಕಾಗಿಯೇ ಇಲ್ಲ. ಅದರ ಬಣ್ಣ ತೇಪೆ ತೇಪೆ, ಬಟ್ಟಲಿನಲ್ಲಿ ಹಳೇ ಗೋಣಿಯ ಮುಗ್ಗಲು. ಮುಚ್ಚಿದ ಕೋಣೆಯಲ್ಲಿ ನಿಂತ ತೇವಕ್ಕೂ ಹರಿದಾಡುವ ಗಾಳಿ ತಂದ ತೇವಕ್ಕೂ ಇರುವ ಅಂತರ ಇಷ್ಟೇ.

ಈ ಕಾಫಿಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ, ಅಂದರೆ ಒಂದು ಪ್ರದೇಶದ ವಿಶಿಷ್ಟ ಉತ್ಪನ್ನವೆಂಬ ಕಾನೂನಿನ ರಕ್ಷಣೆ, ಇದೆ. 2019ರಲ್ಲಿ ಅದೇ ಮಾನ್ಯತೆ ಪಡೆದ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳು ತಮ್ಮ ಮಣ್ಣಿನ ಹೆಸರು ಹೊತ್ತಿವೆ. ಮಲಬಾರ್ ಎಂದು ಹೆಸರಿರುವ ಇದು ಮಾತ್ರ ಘಟ್ಟದ ಮೇಲೆ ಬೆಳೆದು, ಲಾರಿ ಹತ್ತಿ ಇಳಿದು, ಮಂಗಳೂರಿನಂಥ ಊರುಗಳಲ್ಲಿ ಗಾಳಿಯಿಂದ ಹೆಸರು ಪಡೆಯುತ್ತದೆ. ಆ ಗಾಳಿಯನ್ನು ಚಿಕ್ಕಮಗಳೂರಿಗೆ ಕೊಂಡೊಯ್ಯಲಾಗದು. ಕಾಫಿಯ ವಿಷಯದಲ್ಲಿ ಇಂಥ ಕಾನೂನಿಗೆ ಇದಕ್ಕಿಂತ ನ್ಯಾಯವಾದ ಉದಾಹರಣೆ ನನಗೆ ತೋಚುವುದಿಲ್ಲ.

ಇನ್ನು ರುಚಿ. ತಿಂಗಳುಗಟ್ಟಲೆ ಗಾಳಿ ಕುಡಿದ ಬೀಜದಲ್ಲಿ ಹುಳಿ ಬಹುಪಾಲು ಇಳಿದುಹೋಗಿರುತ್ತದೆ. ಉಳಿಯುವುದು ಮಂದವಾದ, ನಾಲಿಗೆಯ ಮೇಲೆ ಕೂರುವ ಮೈ. ಎಸ್ಪ್ರೆಸೊ ಮಿಶ್ರಣಗಳಲ್ಲಿ ಇಟಲಿಯವರು ಇದನ್ನು ಹುಡುಕುವುದು ಇದಕ್ಕಾಗಿಯೇ, ಮೇಲಿನ ಕೆನೆಗಾಗಿ. ನಮ್ಮ ಫಿಲ್ಟರಿನಲ್ಲಿ ಚಿಕೋರಿ ಹಾಕುವ ಉದ್ದೇಶಗಳಲ್ಲಿ ಒಂದು ಇದೇ ಮಂದತೆ. ಹಾಗಾಗಿ ಚಿಕೋರಿ ಬೇಡವೆನ್ನುವ ಮನೆಗಳಿಗೆ ಪೀಬೆರಿಯ (ಹಣ್ಣಿನೊಳಗೆ ಒಂಟಿಯಾಗಿ ಬೆಳೆದ ದುಂಡು ಬೀಜ) ಜೊತೆ ಇದನ್ನು ಮೂರನೇ ಒಂದು ಪಾಲು ಬೆರೆಸಿ ನೋಡಿ ಎನ್ನುತ್ತೇನೆ. ಹುರಿಯುವವರು ಉರಿ ಸ್ವಲ್ಪ ತಗ್ಗಿಸಬೇಕು. ಊದಿದ ಬೀಜ ಸಡಿಲವಾಗಿರುವುದರಿಂದ ಹೊರಮೈ ಬೇಗ ಸೀಯುತ್ತದೆ, ಚಟಪಟ ಸದ್ದೂ ಮೆಲ್ಲಗೆ ಕೇಳಿಸುತ್ತದೆ. ಹಾಲು ಹಾಕದೆ, ಹಣ್ಣಿನ ಹುಳಿಯನ್ನು ಅರಸಿ ಕುಡಿಯುವವರಿಗೆ ಮಾತ್ರ ನಾನು ಇದನ್ನು ಕೊಡುವುದಿಲ್ಲ. ಅವರಿಗೆ ಬಾಬಾಬುಡನ್‌ಗಿರಿಯ ಪಾರ್ಚ್‌ಮೆಂಟ್ ಒಳ್ಳೆಯದು.